ಬೂಟಿಲ್ಲದ ಮನೆಯಲ್ಲಿ ಆಂಕಲ್ ಬ್ರೇಸು

ಶಿರಸಿ ಕಡೆ ಮಳೆಗಾಲದಲ್ಲಿ ಬಿದ್ದೆ ಅಂದರೆ ಹೇಗೆ ಅಂತ ಯಾರೂ ಕೇಳುವುದಿಲ್ಲ. ಎಲ್ಲಿ ಅಂತ ಕೇಳುತ್ತಾರೆ. ಬಾವಿಕಟ್ಟೆಯಾ, ಕೊಟ್ಟಿಗೆ ಮೆಟ್ಟಿಲಾ, ತೋಟದ ಸಂಕವಾ? ನಾನು ಬಿದ್ದಿದ್ದು ಅಂಗಳದಲ್ಲಿ. ಅದೂ ಯಾರೂ ಜಾರಬಾರದು ಅಂತಲೇ ಹಾಸಿದ್ದ ಅಡಿಕೆ ದಬ್ಬೆಯ ಮೇಲೆ. ದಬ್ಬೆ ಒಂದು ಬದಿಗೆ ಮಗುಚಿತು, ಪಾದ ಒಳಗಡೆ ಹೊರಳಿತು, ನಾನು ಕೂತೇಬಿಟ್ಟೆ. ಕೈಯಲ್ಲಿದ್ದ ಅಕ್ಕಚ್ಚಿನ ಬಕೆಟ್ ಮಾತ್ರ ನೆಟ್ಟಗೆ ನಿಂತಿತ್ತು. ಓಡಿ ಬಂದ ಅತ್ತೆ ಮೊದಲು ನೋಡಿದ್ದು ಅದನ್ನೇ.

ಸಂಜೆಯೊಳಗೆ ಕಾಲಿನ ಗಂಟಿನ ಹೊರಬದಿ ಊದಿಕೊಂಡು ಬಣ್ಣ ತಿರುಗಿತು. ಅಷ್ಟರಲ್ಲಿ ಊರಿನ ಅರ್ಧ ಜನ ಬಂದು ನೋಡಿ, ಚಾ ಕುಡಿದು, ಔಷಧಿ ಹೇಳಿ ಹೋಗಿಯಾಗಿತ್ತು. "ಎಣ್ಣೆ ಹಚ್ಚಿ ತಿಕ್ಕಿರೆ ಸರಿ ಆಗ್ತು" ಎಂದರು ಅತ್ತೆ. ಹುಣಸೆಹಣ್ಣು ಉಪ್ಪು ಕುದಿಸಿ ಪಟ್ಟು ಹಾಕು ಎಂದರು ಪಕ್ಕದ ಮನೆಯವರು. ಉಳುಕನ್ನು ಕಾಲು ಮುಂದಾಗಿ ಹುಟ್ಟಿದವರಿಂದಲೇ ಮೆಟ್ಟಿಸಿಕೊಳ್ಳಬೇಕು ಅಂತ ಇನ್ನೊಬ್ಬರು. ಹೇಳಿ ಸುಮ್ನೆ ಹೋಗಲಿಲ್ಲ, ಅಂಥವರೊಬ್ಬರನ್ನು ಹುಡುಕಿಯೂ ಕೊಟ್ಟರು. ಅವರ ದೇಹ ನೋಡಿದ ಮೇಲೆ ನನಗೆ ಡಾಕ್ಟರ ಮೇಲೆ ನಂಬಿಕೆ ಜಾಸ್ತಿಯಾಯಿತು.

ಡಾಕ್ಟರು ಗಂಟಿನ ಎರಡೂ ಬದಿಯ ಎಲುಬನ್ನು ಹಿಂದಿನ ಅಂಚಿನಲ್ಲಿ ಒತ್ತಿ ಒತ್ತಿ ನೋಡಿದರು. ಪಾದದ ನಡುವೆಯೂ ಒಂದೆರಡು ಕಡೆ ಒತ್ತಿದರು. ಆಮೇಲೆ ನಾಲ್ಕು ಹೆಜ್ಜೆ ನಡೆ ಎಂದರು. ನಾನು ಎಕ್ಸ್‌ರೇ ಬೇಡವಾ ಎಂದೆ. ಎಲುಬು ಒತ್ತಿದಾಗ ನೋವಿಲ್ಲ, ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಹಾಕಿದೆ, ಬೇಡ ಎಂದರು. ಕೆನಡಾದ ಒಟ್ಟಾವಾ ಊರಿನ ಡಾಕ್ಟರುಗಳು 1992ರಲ್ಲಿ ಕಟ್ಟಿದ ನಿಯಮವಂತೆ ಇದು. ಹಾಗೆ ನೋಡಿಯೇ ಎಷ್ಟೋ ಎಕ್ಸ್‌ರೇ ಉಳಿಯುತ್ತದಂತೆ. ಗಂಟಿನ ಹೊರಬದಿಯಲ್ಲಿ ಎಲುಬಿಗೆ ಎಲುಬು ಹಿಡಿದಿಡುವ ಲಿಗಮೆಂಟು ಮೂರಿವೆ, ಪಾದ ಒಳಗಡೆ ಹೊರಳಿದರೆ ಹೆಚ್ಚಾಗಿ ಪೆಟ್ಟು ತಿನ್ನುವುದು ಮುಂದಿನದು, ನಿನ್ನದೂ ಅದೇ ಎಂದರು. ಸದ್ಯಕ್ಕೆ ತಿಕ್ಕುವುದು, ಕಾವು ಕೊಡುವುದು ಎರಡೂ ಬೇಡ ಎಂದಾಗ ಅತ್ತೆ ಗೋಡೆ ಕಡೆ ಮುಖ ಮಾಡಿದರು. ಚೀಟಿಯಲ್ಲಿ ಬರೆದದ್ದು ಎರಡೇ ಶಬ್ದ: ಆಂಕಲ್ ಬ್ರೇಸ್. ಅಂದರೆ ಕಾಲಿನ ಗಂಟು ಹೊರಳದ ಹಾಗೆ ಸುತ್ತ ಕಟ್ಟುವ ಆಸರೆ.

ಯಾವ ಬ್ರೇಸು ಅಂತ ಬರೆದಿರಲಿಲ್ಲ. ಮೆಡಿಕಲ್ ಶಾಪಿನ ಹುಡುಗ "ಸೈಜು ಎಮ್ಮಾ, ಎಲ್ಲಾ?" ಎಂದ. ಇವರು ನನ್ನ ಕಾಲು ನೋಡಿ ಎಕ್ಸೆಲ್ ಎಂದರು. ಡಬ್ಬಿಯ ಬೆನ್ನಿಗೆ ಅಳತೆಯ ಪಟ್ಟಿ ಇತ್ತು, ಗಂಟಿನ ಸುತ್ತಳತೆ ಸೆಂಟಿಮೀಟರಿನಲ್ಲಿ. ಪಕ್ಕದ ಟೈಲರಿನಿಂದ ಟೇಪು ತಂದು ಅಳೆದೆವು. ಆದರೆ ಊದಿದ ಕಾಲಿಗೆ ಒಂದೇ ಅಳತೆ ಎಲ್ಲಿದೆ? ಬೆಳಿಗ್ಗೆ ಇದ್ದದ್ದು ಸಂಜೆಗಿಲ್ಲ, ಈ ವಾರದ್ದು ಮುಂದಿನ ವಾರಕ್ಕಿಲ್ಲ. ಇವತ್ತಿನ ಕಾಲಿಗೆ ಬಿಗಿಯಾಗಿ ಕೂತದ್ದು ಬಾವು ಇಳಿದ ಮೇಲೆ ಜೋತಾಡುತ್ತದೆ. ಹಾಗಾಗಿ ಪಟ್ಟಿ ಎಳೆದು ಬಿಗಿ, ಸಡಿಲ ಮಾಡುವಂಥದ್ದೇ ಬೇಕು.

ಹುಡುಗ ಒಂದೊಂದೇ ತೆಗೆದಿಟ್ಟ. ಕ್ರೇಪ್ ಬ್ಯಾಂಡೇಜು ಅಗ್ಗ, ಬಾವಿಗೆ ಒಳ್ಳೆಯದು. ಆದರೆ ಕಟ್ಟಲು ಬರಬೇಕು. ಬೆರಳ ಕಡೆಯಿಂದ ಶುರು ಮಾಡಿ ಮೇಲೆ ಬರಬೇಕು. ಇವರು ಅದನ್ನು ಮೇಲಿನಿಂದ ಕೆಳಗೆ, ಗೊಬ್ಬರದ ಚೀಲದ ಬಾಯಿ ಬಿಗಿದ ಹಾಗೆ ಬಿಗಿದು, ಬೆರಳು ಜುಮುಗುಟ್ಟಿ ತಣ್ಣಗಾದ ಮೇಲೆ ಬಿಚ್ಚಿದರು. ಸಾಕ್ಸಿನ ಥರದ್ದು ಹಾಕಿಕೊಳ್ಳಲು ಸುಲಭ, ಬೆಚ್ಚಗೆ ಹಿತವಾಗಿರುತ್ತದೆ. ಆದರೆ ಪಾದ ಹೊರಳುತ್ತೇನೆ ಅಂದರೆ ಅದು ಆಗಲಿ ಎಂದೇ ಹೇಳುತ್ತದೆ. ಲೇಸು ಕಟ್ಟುವಂಥದ್ದು ಗಟ್ಟಿ. ಕೊನೆಯದಕ್ಕೆ ಎರಡೂ ಬದಿಗೆ ಪ್ಲಾಸ್ಟಿಕ್ ತಟ್ಟೆ, ಸುತ್ತ ವೆಲ್ಕ್ರೋ. ಪಾದ ಮೇಲೆ ಕೆಳಗೆ ಆಡುತ್ತದೆ, ಪಕ್ಕಕ್ಕೆ ಹೊರಳಲು ಬಿಡುವುದಿಲ್ಲ. ಬೆಲೆ ಕೇಳಿ ಇವರು ಒಮ್ಮೆ ಕೆಮ್ಮಿದರು. ನಾನು ಅದನ್ನೇ ತೆಗೆದುಕೊಂಡೆ. ತೋಟಕ್ಕೆ ಹೋಗುವ ಕಾಲು ನನ್ನದು ತಾನೇ.

ಡಬ್ಬಿ ಮೇಲಿನ ಚಿತ್ರವನ್ನು ಸರಿಯಾಗಿ ನೋಡಿದ್ದು ಮನೆಗೆ ಬಂದ ಮೇಲೆ. ಚಿತ್ರದ ಕಾಲಿಗೆ ಬೂಟಿದೆ! ಈ ಬ್ರೇಸುಗಳನ್ನು ಮಾಡಿದವರು ಬೆಳಿಗ್ಗೆ ಎದ್ದು ಬೂಟು ಹಾಕಿ ರಾತ್ರಿ ಬಿಚ್ಚುವ ಜನ ಅಂತ ನನ್ನ ಬಲವಾದ ಅನುಮಾನ. ತಟ್ಟೆ ಅಲ್ಲಾಡದೆ ನಿಲ್ಲಬೇಕಾದರೆ ಲೇಸಿನ ಬೂಟು ಬೇಕು. ಹವಾಯಿ ಚಪ್ಪಲಿಯ ಉಂಗುಷ್ಟಕ್ಕೂ ಸಾಕ್ಸಿಗೂ ಆಗಿಬರುವುದಿಲ್ಲ. ಬರಿಗಾಲಲ್ಲಿ ಹಾಕಿದರೆ ಹಿಮ್ಮಡಿಯ ಅಡಿಯ ಪಟ್ಟಿ ನಮ್ಮ ಕೆಂಪು ಸಿಮೆಂಟಿನ ನೆಲದ ಮೇಲೆ ಸರ್ರನೆ ಜಾರುತ್ತದೆ. ಒಂದು ಕಾಲು ಉಳಿಸಲು ಹೋಗಿ ಇನ್ನೊಂದನ್ನೂ ಕಳೆದುಕೊಳ್ಳುವ ಏರ್ಪಾಡು.

ಕ್ಯಾನ್ವಾಸ್ ಬೂಟು ಬಂತು, ಬ್ರೇಸಿಗೆ ಜಾಗ ಇರಲಿ ಅಂತ ಒಂದು ಸೈಜು ದೊಡ್ಡದು. ಬೂಟು ಒಂದೇ ಕಾಲಿಂದು ಮಾರುವುದಿಲ್ಲವಲ್ಲ, ಹಾಗಾಗಿ ಸರಿ ಇರುವ ಕಾಲಿಗೆ ಎರಡು ಸಾಕ್ಸು. ಈಗ ಪ್ರಶ್ನೆ, ಬೂಟು ಅಡಿಗೆಮನೆಗೆ ಬರಬಹುದಾ? ಮನೆಯಲ್ಲಿ ಒಂದು ಸಭೆಯೇ ನಡೆಯಿತು. ಮಾವ, ಹೊರಗೆ ಮೆಟ್ಟದ ಹೊಸ ಬೂಟು ಬರಿಯ ಬಟ್ಟೆ ಇದ್ದ ಹಾಗೆ ಎಂದರು. ಅತ್ತೆ, ಬೂಟು ಬೂಟೇ ಎಂದರು. ಕೊನೆಗೆ ಅಡಿಗೆಮನೆವರೆಗೆ ಸೈ, ದೇವರ ಕೋಣೆಯ ಹೊಸ್ತಿಲು ದಾಟುವ ಹಾಗಿಲ್ಲ ಅಂತ ತೀರ್ಮಾನವಾಯಿತು. ತೋಟಕ್ಕೆ ಬೇರೆ ಬೂಟು ಕೊಳ್ಳಬೇಕಾಯಿತು. ಇವರು ಮತ್ತೆ ಕೆಮ್ಮಿದರು.

ಒಣಗಿಸುವುದು ಇನ್ನೊಂದು ಕಥೆ. ಒಳಗಿನ ಮೆತ್ತೆ ಬೆವರಿಗೆ ಒದ್ದೆ, ಮಳೆಗೆ ಇನ್ನೂ ಒದ್ದೆ. ನಮ್ಮಲ್ಲಿ ಆಷಾಢದಲ್ಲಿ ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲಿನ ತಂತಿಯಲ್ಲಿ. ಅತ್ತೆ ಬ್ರೇಸನ್ನೂ ಪ್ರೀತಿಯಿಂದ ಅಲ್ಲೇ ನೇತುಹಾಕಿದರು. ಪುಣ್ಯಕ್ಕೆ ಪ್ಲಾಸ್ಟಿಕ್ ಸೊಟ್ಟಗಾಗುವ ಮೊದಲೇ ಕಣ್ಣಿಗೆ ಬಿತ್ತು. ಹೊಗೆಯ ವಾಸನೆ ಮಾತ್ರ ಈಗಲೂ ಇದೆ, ದನ ಬಂದು ಮೂಸುತ್ತದೆ.

ಬ್ರೇಸು ಕಟ್ಟಿದರೆ ಆಗಲಿಲ್ಲ, ಗಂಟಿಗೆ ಸಮತೋಲ ಮತ್ತೆ ಕಲಿಸಬೇಕು, ದಿನಾ ಒಂಟಿ ಕಾಲಲ್ಲಿ ನಿಲ್ಲಿ ಎಂದಿದ್ದರು ಫಿಸಿಯೋ. ಹಲ್ಲುಜ್ಜುತ್ತ ಅಂಗಳದ ಕಂಬ ಹಿಡಿದು ನಿಲ್ಲುತ್ತಿದ್ದೆ. ಹಾಲು ಒಯ್ಯಲು ಬಂದ ಹುಡುಗ ವರ ಸಿಕ್ಕಿತಾ ಅಂತ ಕೇಳಿಕೊಂಡು ಹೋಗುತ್ತಿದ್ದ.

ಶ್ರಾವಣದಲ್ಲಿ ನೆಂಟರ ಮನೆಯ ಸತ್ಯನಾರಾಯಣ ಕಥೆಗೆ ಹೋದೆವು. ಮೈಸೂರು ಸಿಲ್ಕ್ ಸೀರೆ, ಒಳಗೆ ಬ್ರೇಸು. ಮಂಗಳಾರತಿಗೆ ಏಳುವಾಗ ನೆರಿಗೆ ಮೇಲೆ ಬರಲಿಲ್ಲ. ವೆಲ್ಕ್ರೋದ ಕೊಕ್ಕೆ ರೇಷ್ಮೆಯನ್ನು ಹಿಡಿದುಕೊಂಡಿತ್ತು. ಮೆಲ್ಲಗೆ ಎಳೆದೆ, ಬಿಡಲಿಲ್ಲ. ಜೋರಾಗಿ ಎಳೆದೆ, ಬಿಟ್ಟದ್ದು ವೆಲ್ಕ್ರೋ. ಮಂತ್ರದ ನಡುವೆ ಪರ್‍ರ್ ಅಂತ ಸದ್ದು. ಭಟ್ಟರೂ ಒಂದು ಕ್ಷಣ ನಿಲ್ಲಿಸಿದರು. ಎಲ್ಲರೂ ನನ್ನ ಸೀರೆ ಹರಿಯಿತು ಅಂದುಕೊಂಡರು. ಹರಿದಿರಲಿಲ್ಲ, ಅಂಚಿನ ಹತ್ತಿರ ಒಂದು ಗೇಣು ಎಳೆ ಎದ್ದು ಬಂದಿತ್ತು. ಹಳೆ ಸಾಕ್ಸಿನ ಕಾಲು ಕತ್ತರಿಸಿ ಬ್ರೇಸಿನ ಮೇಲೆ ಕವಚದ ಹಾಗೆ ತೊಡಿಸುವ ಉಪಾಯ ಹೊಳೆದಿದ್ದು ಇದಾದ ಮೇಲೆ.

ಊಟವಾದ ಮೇಲೆ ಹೆಂಗಸರೆಲ್ಲ ಸುತ್ತ ಕೂತರು. ಬ್ರೇಸು ಕೈಯಿಂದ ಕೈಗೆ ಹೋಯಿತು. ಒಬ್ಬರು ಅಂಟಿಸಿ ಕಿತ್ತು ಸದ್ದು ಕೇಳಿದರು, ಒಬ್ಬರು ಕಾಲಿಗೆ ಹಾಕಿ ನಾಲ್ಕು ಹೆಜ್ಜೆ ನಡೆದರು. ಅಷ್ಟು ದಿನ ಅದನ್ನು ಮುಟ್ಟಿದರೂ ಮೂಗು ಮುರಿಯುತ್ತಿದ್ದ ನಮ್ಮ ಅತ್ತೆ ಎಲ್ಲರಿಗೂ ಬಲ ಎಡ ಹೇಗೆ, ಬಿಗಿ ಎಷ್ಟು, ಬೆರಳು ಹೇಗೆ ನೋಡಬೇಕು ಅಂತ ವಿವರಿಸಿದರು. ಕಾರು ಹತ್ತುವಾಗ ಮೆಲ್ಲಗೆ ಕೇಳಿದರು, "ಮಂಡಿಗೂ ಹಿಂಗಿದ್ದೇ ಸಿಗ್ತಾ ತಂಗಿ? ಬೂಟು ಬ್ಯಾಡದಿದ್ದದ್ದು?"