ನನ್ನ ಮಗಳು ‘ಡಿನ್ನಾ ಕೆನ್’ ಅಂದದ್ದು ತಪ್ಪಲ್ಲ

ಹೋದ ವಾರ ಸಂಕ್ರಾಂತಿಗೆ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿರುವ ನಾವೊಂದಿಷ್ಟು ಕನ್ನಡದವರು ಸ್ನೇಹಿತರೊಬ್ಬರ ಮನೆಯಲ್ಲಿ ಸೇರಿದ್ದೆವು. ನನ್ನ ಒಂಬತ್ತು ವರ್ಷದ ಮಗಳು ಎಳ್ಳು ಬೆಲ್ಲದ ತಟ್ಟೆ ಹಿಡಿದು ಓಡಾಡುತ್ತಿದ್ದಳು. ಹಿರಿಯರೊಬ್ಬರು ಅವಳನ್ನು ಇಂಗ್ಲಿಷಿನಲ್ಲಿ ಕೇಳಿದರು, ನಿಮ್ಮಮ್ಮ ಎಲ್ಲಿ ಅಂತ. ಅವಳು ‘ಡಿನ್ನಾ ಕೆನ್’ ಅಂದಳು. ಗೊತ್ತಿಲ್ಲ ಅಂತ ಅರ್ಥ. ಇಲ್ಲಿನ ಮಕ್ಕಳು ದಿನವಿಡೀ ಹೇಳುವ ಮಾತು.

ಅವರ ಮುಖ ಸಣ್ಣದಾಯಿತು. “ಪುಟ್ಟಾ, ಇವರ ಥರ ಮಾತಾಡಬೇಡ. ಸರಿಯಾದ ಇಂಗ್ಲಿಷ್ ಮಾತಾಡಮ್ಮ” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ಈಗಲೇ ತಿದ್ದಿಬಿಡಿ. ಆಮೇಲೆ ನಾಲಿಗೆ ತಿರುಗಲ್ಲ” ಅಂದರು.

ಊಟ ಆದ ಮೇಲೆ ಮಕ್ಕಳ ಹಾಡು, ಕುಣಿತ ನಡೆಯಿತು. ನನ್ನ ಮಗಳು ಶಾಲೆಯಲ್ಲಿ ಬಾಯಿಪಾಠ ಮಾಡುತ್ತಿರುವ, ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್‌ನ ಪದ್ಯ ಹೇಳಿದಳು. ನೇಗಿಲಿಗೆ ಸಿಕ್ಕಿ ಗೂಡು ಕಳೆದುಕೊಂಡ ಇಲಿಗೆ ರೈತ ಹೇಳುವ ಮಾತುಗಳು. 1785ರಲ್ಲಿ ಬರೆದದ್ದು. ಅದರ ತುಂಬ ‘ಡಿನ್ನಾ ಕೆನ್’ ಥರದ ಮಾತುಗಳೇ ಇವೆ. ಅದೇ ಹಿರಿಯರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ನಾನು ಅವತ್ತು ಏನೂ ಹೇಳಲಿಲ್ಲ. ಅವರು ಒಳ್ಳೆಯವರು, ನಾವು ಇಲ್ಲಿಗೆ ಬಂದ ಹೊಸದರಲ್ಲಿ ತುಂಬಾ ಸಹಾಯ ಮಾಡಿದವರು. ಆದರೆ ಮಗಳ ಮುಖ ಬಾಡಿದ್ದು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಒಂಬತ್ತು ವರ್ಷದ ಹಿಂದೆ ಈ ಊರಿಗೆ ಬಂದಾಗ ನನ್ನ ಜೊತೆ ಮೊದಲು ಮಾತಾಡಿದವರು ಪಕ್ಕದ ಮನೆಯ ಅಜ್ಜಿ. ಬೆಳಿಗ್ಗೆ ಕಸದ ಡಬ್ಬ ಆಚೆ ಇಡುತ್ತಾ “ಫಿಟ್ ಲೈಕ್?” ಅಂದರು. ನನಗೆ ಅರ್ಥವಾಗಲಿಲ್ಲ. ಅದನ್ನು ಕಂಡದ್ದೇ ಅವರು ತಡಬಡಾಯಿಸಿ, ಟಿವಿ ವಾರ್ತೆಯವರ ಥರದ ಇಂಗ್ಲಿಷಿನಲ್ಲಿ “ಕ್ಷಮಿಸಿ, ಹೇಗಿದ್ದೀರಿ ಅಂತ ಕೇಳಿದೆ” ಅಂದರು. ತಮ್ಮ ಮನೆ ಬಾಗಿಲಲ್ಲಿ ನಿಂತು, ತಮ್ಮ ಊರಿನ ಮಾತಲ್ಲಿ ಕ್ಷೇಮ ವಿಚಾರಿಸಿ, ನಿನ್ನೆ ಮೊನ್ನೆ ಬಂದವನ ಹತ್ತಿರ ಅವರು ಕ್ಷಮೆ ಕೇಳಿದರು.

ಅವರು ಹಂಟ್ಲಿ ಕಡೆಯ ರೈತರ ಮನೆಯಲ್ಲಿ ಹುಟ್ಟಿದವರು. ಅವರದು ಡೋರಿಕ್. ಸ್ಕಾಟ್ಸ್ ಭಾಷೆಯಲ್ಲಿ ಸ್ಕಾಟ್ಲೆಂಡಿನ ಈಶಾನ್ಯ ಭಾಗದ ಮಾತಿಗೆ ಹಾಗನ್ನುತ್ತಾರೆ. ಇಂಗ್ಲಿಷಿನ ‘ವಾಟ್’ ಇಲ್ಲಿ ‘ಫಿಟ್’. ‘ಹೂ’ (ಯಾರು) ಅಂದರೆ ‘ಫಾ’, ‘ವೇರ್’ ಅಂದರೆ ‘ಫಾರ್’, ‘ವೆನ್’ ಅಂದರೆ ‘ಫ್ಯಾನ್’. ಬಾಯಿಗೆ ಬಂದ ಹಾಗೆ ಕೆಡಿಸಿದ್ದಲ್ಲ ಇದು, ಒಂದು ಕ್ರಮ ಇದೆ. ಹಳೆಗನ್ನಡದ ಪಾಲ್ ಹಾಲಾಯಿತು, ಪೂ ಹೂವಾಯಿತು ಅಂತ ನಾವು ಶಾಲೆಯಲ್ಲಿ ಓದಿಲ್ವಾ, ಹಾಗೆಯೇ. ಹುಡುಗ ‘ಲೂನ್’, ಹುಡುಗಿ ‘ಕ್ವೈನ್’, ಮಗು ‘ಬೇರ್ನ್’. ಮೋಡ ಕವಿದು, ಜಿಟಿಜಿಟಿ ಹನಿ ಬಿದ್ದು, ಮನಸ್ಸಿಗೂ ಮಂಕು ಹಿಡಿಸುವ ದಿನಕ್ಕೆ ‘ಡ್ರೀಕ್’. ಇಲ್ಲಿ ಒಂದು ಚಳಿಗಾಲ ಕಳೆದ ಮೇಲೆ ಈ ಮಾತಿಲ್ಲದೆ ಬದುಕೋಕೇ ಆಗಲ್ಲ. ದಿನಸಿ ತರಲು ಹೊರಟವರು ‘ಮೆಸೇಜಸ್’ ತರ್ತೀನಿ ಅನ್ನುತ್ತಾರೆ. ‘ಎಲ್ಲಿ ಸ್ಟೇ ಮಾಡ್ತೀರಾ’ ಅಂದರೆ ನಿಮ್ಮ ಮನೆ ಎಲ್ಲಿ ಅಂತ ಅರ್ಥ, ಯಾವ ಹೋಟೆಲ್ ಅಂತಲ್ಲ.

ಅಜ್ಜಿಯನ್ನು ಒಮ್ಮೆ ಕೇಳಿದೆ, ನನ್ನ ಜೊತೆ ಯಾಕೆ ನಿಮ್ಮ ಮಾತು ಆಡಲ್ಲ ಅಂತ. ಅವರು ಉತ್ತರ ಕೊಡದೆ ಬಲಗೈ ಮುಂದೆ ಚಾಚಿ ತೋರಿಸಿದರು. ಶಾಲೆಯಲ್ಲಿ, ಏಳನೇ ವಯಸ್ಸಿನಲ್ಲಿ, ಪ್ರಶ್ನೆಗೆ ‘ಡಿನ್ನಾ ಕೆನ್’ ಅಂದದ್ದಕ್ಕೆ ಆ ಅಂಗೈ ಮೇಲೆ ಟಾಸ್ ಬಿದ್ದಿತ್ತಂತೆ. ಟಾಸ್ ಅಂದರೆ ಚರ್ಮದ ಪಟ್ಟಿ. ದಪ್ಪ ಚರ್ಮ, ತುದಿ ಸೀಳಿರುತ್ತದೆ. ಫೈಫ್ ಸೀಮೆಯ ಲಾಕ್‌ಗೆಲಿ ಅನ್ನುವ ಊರಲ್ಲಿ, ಕುದುರೆ ಜೀನು ಹೊಲಿಯುವವರು ಇದನ್ನು ಮಾಡಿ ದೇಶದ ಶಾಲೆಗಳಿಗೆಲ್ಲ ಮಾರುತ್ತಿದ್ದರು. ಸರ್ಕಾರಿ ಶಾಲೆಗಳಲ್ಲಿ ಅದು ಕಾನೂನಿನ ಪ್ರಕಾರ ನಿಂತದ್ದು 1987ರಲ್ಲಿ. ಎರಡು ಕೈಯನ್ನೂ ಒಂದರ ಮೇಲೊಂದು ಇಟ್ಟು ಚಾಚಬೇಕಿತ್ತು, ಹಿಂದಕ್ಕೆ ಎಳೆದುಕೊಳ್ಳಬಾರದು ಅಂತ. ಹೇಳುವಾಗ ಅಜ್ಜಿ ಕೈಯನ್ನು ಹಾಗೇ ಹಿಡಿದಿದ್ದರು. ಎಪ್ಪತ್ತು ವರ್ಷ ಆಗಿದೆ.

ಉತ್ತರ ಗೊತ್ತಿಲ್ಲದ್ದಕ್ಕೆ ಹೊಡೆದರಾ, ಗೊತ್ತಿಲ್ಲ ಅನ್ನುವುದನ್ನು ಆ ಮಾತಿನಲ್ಲಿ ಹೇಳಿದ್ದಕ್ಕೆ ಹೊಡೆದರಾ ಅಂತ ಕೇಳಿದೆ. “ಆ ಮಾತಿಗೆ” ಅಂದರು.

‘ಸರಿಯಾದ ಇಂಗ್ಲಿಷ್’ ಅನ್ನುವುದು ನನಗೆ ಚುಚ್ಚುವುದು ಇದಕ್ಕೇ. ಸ್ಕಾಟ್ಸ್ ಯಾವತ್ತೂ ಇಂಗ್ಲಿಷ್ ಕೆಟ್ಟು ಆದದ್ದಲ್ಲ. ಎರಡೂ ಒಂದೇ ಹಳೆಯ ಬೇರಿನಿಂದ ಬಂದ ಅಕ್ಕ ತಂಗಿ. ಅಜ್ಜಿ ಮನೆಯನ್ನು ‘ಹೂಸ್’ ಅನ್ನುತ್ತಾರೆ, ಇಲಿಯನ್ನು ‘ಮೂಸ್’ ಅನ್ನುತ್ತಾರೆ. ಸಾವಿರ ವರ್ಷದ ಹಿಂದೆ ಇಂಗ್ಲೆಂಡಿನವರೂ ‘ಹೂಸ್’, ‘ಮೂಸ್’ ಅಂತಲೇ ಅನ್ನುತ್ತಿದ್ದರು. ಆಮೇಲೆ ದಕ್ಷಿಣದಲ್ಲಿ ಆ ದೀರ್ಘ ‘ಊ’ ಒಡೆದು ‘ಹೌಸ್’, ‘ಮೌಸ್’ ಆಯಿತು. ಉತ್ತರದವರು ಇದ್ದದ್ದನ್ನು ಹಾಗೇ ಇಟ್ಟುಕೊಂಡರು. ಬದಲಾದವರು ಅವರು, ಪೆಟ್ಟು ತಿಂದವರು ಇವರು.

ಇದು ಬರೀ ಹೊಲ, ಬಂದರಿನ ಮಾತೂ ಆಗಿರಲಿಲ್ಲ. 15ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಕಾಯ್ದೆ ಬರೆಸುತ್ತಿದ್ದದ್ದು ಸ್ಕಾಟ್ಸ್‌ನಲ್ಲಿ. ವರ್ಜಿಲ್‌ನ ಲ್ಯಾಟಿನ್ ಮಹಾಕಾವ್ಯವನ್ನು ಗೇವಿನ್ ಡಗ್ಲಸ್ 1513ರಲ್ಲಿ ಪೂರ್ತಿ ಸ್ಕಾಟ್ಸ್‌ಗೆ ತಂದ. ಇಂಗ್ಲೆಂಡಿನವರಿಗೆ ಆಗ ಅದು ಇಡಿಯಾಗಿ ಇರಲಿಲ್ಲ. 1560ರಲ್ಲಿ ಇಲ್ಲಿನ ಚರ್ಚು ಪ್ರಾಟೆಸ್ಟಂಟ್ ದಾರಿ ಹಿಡಿಯಿತು, ಆದರೆ ಸ್ಕಾಟ್ಸ್ ಬೈಬಲ್ ಯಾರೂ ಮಾಡಲಿಲ್ಲ. ಇಂಗ್ಲಿಷ್ ಬೈಬಲ್ಲೇ ಬಂತು. ಅಲ್ಲಿಗೆ ದೇವರ ಮಾತು ಬೇರೆ, ಮನೆ ಮಾತು ಬೇರೆ ಆಯಿತು. 1603ರಲ್ಲಿ ಸ್ಕಾಟ್ಲೆಂಡಿನ ಆರನೇ ಜೇಮ್ಸ್ ದೊರೆ ಇಂಗ್ಲೆಂಡಿಗೂ ದೊರೆಯಾಗಿ ಲಂಡನ್ ಸೇರಿದ. 1707ರಲ್ಲಿ ಸಂಸತ್ತೂ ಲಂಡನ್ ಸೇರಿತು.

ಆಮೇಲೆ ನಡೆದದ್ದು ನನಗೆ ತುಂಬಾ ಬೇಸರ ತರಿಸುತ್ತದೆ. 18ನೇ ಶತಮಾನದ ಎಡಿನ್‌ಬರೋ ಯುರೋಪಿಗೇ ಬುದ್ಧಿ ಹೇಳುವಂಥ ಊರು. ಅಲ್ಲಿ ಡೇವಿಡ್ ಹ್ಯೂಮ್‌ನಂಥ ತತ್ವಜ್ಞಾನಿ 1752ರಲ್ಲಿ, ಬರೆಯುವಾಗ ಬಿಡಬೇಕಾದ ಸ್ಕಾಟ್ಸ್ ಪದಗಳ ಪಟ್ಟಿಯನ್ನೇ ಅಚ್ಚು ಹಾಕಿಸಿದ. 1761ರಲ್ಲಿ ಥಾಮಸ್ ಶೆರಿಡನ್ ಅನ್ನುವ ಐರ್ಲೆಂಡಿನ ನಟ ಬಂದು ಸರಿಯಾಗಿ ಇಂಗ್ಲಿಷ್ ಉಚ್ಚರಿಸುವುದು ಹೇಗೆ ಅಂತ ಉಪನ್ಯಾಸ ಕೊಟ್ಟ. ಊರಿನ ದೊಡ್ಡ ಮನುಷ್ಯರು ದುಡ್ಡು ಕೊಟ್ಟು ಹೋಗಿ ಕೂತರು. ಅವರಿಗೆ ಯಾರೂ ಪಟ್ಟಿಯಲ್ಲಿ ಹೊಡೆದಿರಲಿಲ್ಲ. ಅವರಾಗಿಯೇ ನಾಚಿಕೊಂಡರು. ಆ ನಾಚಿಕೆ ಮೇಲಿನಿಂದ ಇಳಿದು ಇಳಿದು, ಇನ್ನೂರು ವರ್ಷ ಆದ ಮೇಲೆ ಹಂಟ್ಲಿಯ ಒಬ್ಬ ಪುಟ್ಟ ಹುಡುಗಿಯ ಅಂಗೈಗೆ ಬಂತು.

ನನಗೆ ಇದು ದೂರದ ಕಥೆ ಅನ್ನಿಸಲ್ಲ. ನಾನು ಅರಕಲಗೂಡು ಕಡೆಯವನು. ಓದಲು ಬೆಂಗಳೂರಿಗೆ ಬಂದ ಮೊದಲ ತಿಂಗಳಲ್ಲೇ ‘ಬತ್ತೀನಿ’, ‘ಓಯ್ತೀನಿ’ ಅನ್ನೋದನ್ನು ಬಿಟ್ಟೆ. ಯಾರೂ ಹೊಡೆಯಲಿಲ್ಲ, ಒಬ್ಬರು ನಕ್ಕರು ಅಷ್ಟೆ. ಅಮ್ಮ ಫೋನಿನಲ್ಲಿ “ಯಾವಾಗ್ಲ ಬತ್ತೀಯ?” ಅಂದರೆ ಈಗಲೂ ನಾನು “ಬರ್ತೀನಮ್ಮ” ಅಂತಲೇ ಅನ್ನೋದು. ಬಿಟ್ಟ ಮಾತು ನಾಲಿಗೆಗೆ ಮತ್ತೆ ಬರಲಿಲ್ಲ.

ಸ್ಕಾಟ್ಸ್‌ಗಾದರೂ ಇಂಗ್ಲಿಷಿನ ನೆರಳಿತ್ತು. ಗೇಲಿಕ್‌ಗೆ ಆದದ್ದು ಇನ್ನೂ ಘೋರ. ಅದು ಬೇರೆಯದೇ ಭಾಷೆ, ಐರಿಷ್‌ನ ಹತ್ತಿರದ ನಂಟು, ಬೆಟ್ಟ ಮತ್ತು ದ್ವೀಪದವರ ಮಾತು. 1609ರಲ್ಲೇ ದೊರೆಯ ಕಡೆಯವರು, ದ್ವೀಪಗಳ ಕುಲದ ಯಜಮಾನರು ಹಿರಿಯ ಮಕ್ಕಳನ್ನು ಬಯಲುಸೀಮೆಗೆ ಕಳಿಸಿ ಇಂಗ್ಲಿಷ್ ಕಲಿಸಬೇಕು ಅಂತ ಕಟ್ಟಳೆ ಮಾಡಿದರು. 1616ರಲ್ಲಿ ಗೇಲಿಕ್ ಅನ್ನೇ ತೊಲಗಿಸಬೇಕು ಅಂತ ಆಜ್ಞೆ ಬಂತು. 19ನೇ ಶತಮಾನದಲ್ಲಿ ಕುರಿ ಮೇಯಿಸಿದರೆ ಲಾಭ ಜಾಸ್ತಿ ಅಂತ ಜಮೀನ್ದಾರರು ಕಣಿವೆ ಕಣಿವೆಗಳನ್ನೇ ಖಾಲಿ ಮಾಡಿಸಿದರು. ಸದರ್ಲೆಂಡಿನಲ್ಲಿ ಮನೆಗಳಿಗೆ ಬೆಂಕಿ ಇಟ್ಟರು. ಜನ ಕೆನಡಾಗೆ ಹಡಗು ಹತ್ತಿದರು, ಮಾತೂ ಅವರ ಜೊತೆ ಹೋಯಿತು. 1872ರಲ್ಲಿ ಎಲ್ಲ ಮಕ್ಕಳಿಗೂ ಶಾಲೆ ಕಡ್ಡಾಯ ಆಯಿತು. ಆ ಕಾಯ್ದೆಯಲ್ಲಿ ಗೇಲಿಕ್‌ನ ಹೆಸರೇ ಇರಲಿಲ್ಲ.

ಆದರೆ ಬಟ್ಟೆ ನೋಡಿ. ಲಂಡನ್ನಿನ ದೊರೆಯ ವಿರುದ್ಧ ಎದ್ದವರು ಕಲೋಡನ್ ಯುದ್ಧದಲ್ಲಿ ಸೋತ ಮೇಲೆ, 1746ರ ಕಾಯ್ದೆಯಲ್ಲಿ ಹೈಲ್ಯಾಂಡಿನ, ಅಂದರೆ ಆ ಬೆಟ್ಟಸೀಮೆಯ, ಗಂಡಸರು ಕಿಲ್ಟ್ ಅನ್ನುವ ಮೊಣಕಾಲುದ್ದದ ಚೌಕಳಿ ಲಂಗ ಉಡುವುದನ್ನು ನಿಷೇಧಿಸಿದರು. ಎರಡನೇ ಸಲ ಸಿಕ್ಕಿಬಿದ್ದರೆ ಏಳು ವರ್ಷ ಗಡೀಪಾರು. ಬ್ರಿಟಿಷ್ ಸೈನ್ಯಕ್ಕೆ ಸೇರಿದವರಿಗೆ ಮಾತ್ರ ವಿನಾಯಿತಿ. ಪೊಲ್ಲಿಲೂರಿನಲ್ಲಿ 1780ರಲ್ಲಿ ಹೈದರ್, ಟಿಪ್ಪು ಸೈನ್ಯಕ್ಕೆ ಸೋತು ನಮ್ಮ ಶ್ರೀರಂಗಪಟ್ಟಣದಲ್ಲಿ ಸೆರೆಯಾದ ಸೈನಿಕರಲ್ಲಿ ಅಂಥ ಹೈಲ್ಯಾಂಡಿನವರೂ ಇದ್ದರು. ಊರಲ್ಲಿ ಆಗ ನಿಷೇಧ ಇನ್ನೂ ಹೋಗಿರಲಿಲ್ಲ, ಅದು ತೆಗೆದದ್ದು 1782ರಲ್ಲಿ. ಇನ್ನು ನಲವತ್ತು ವರ್ಷಕ್ಕೆ, 1822ರಲ್ಲಿ, ನಾಲ್ಕನೇ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದು ತಾನೇ ಕಿಲ್ಟ್ ಉಟ್ಟ. ಅವತ್ತಿನಿಂದ ಕಿಲ್ಟ್ ಅಂದರೆ ದೇಶಕ್ಕೆ ದೇಶವೇ ಹೆಮ್ಮೆ. ಉಡುಪಿಗೆ ಕ್ಷಮೆ ಸಿಕ್ಕಿತು. ಅದನ್ನು ಉಟ್ಟವರ ಮಾತಿಗೆ ಸಿಗಲಿಲ್ಲ.

ಎರಡು ವರ್ಷದ ಹಿಂದೆ ನಾವು ಉಲ್ಲಾಪೂಲ್‌ನಿಂದ ಹಡಗಿನಲ್ಲಿ ಲೂಯಿಸ್ ದ್ವೀಪಕ್ಕೆ ಹೋಗಿದ್ದೆವು. ಸ್ಟಾರ್ನವೇಯ ಅಂಗಡಿಯ ಸಾಲಿನಲ್ಲಿ ಇಬ್ಬರು ಹೆಂಗಸರು ನಮ್ಮ ಮುಂದೆ ನಿಂತು ಗೇಲಿಕ್‌ನಲ್ಲಿ ಮಾತಾಡುತ್ತಿದ್ದರು. ಎಷ್ಟು ಮೆತ್ತಗಿನ ಮಾತು ಗೊತ್ತಾ, ಗಂಟಲಿನಲ್ಲೇ ಅರ್ಧ ಕರಗಿಬಿಡುತ್ತದೆ. ಅವರಲ್ಲೊಬ್ಬರ ಮೊಮ್ಮಗ ಬಂದು ಚಾಕೊಲೇಟ್ ಕೇಳಿದ. ಅವನಿಗೆ ಇಂಗ್ಲಿಷಿನಲ್ಲಿ ಬೇಡ ಅಂದು, ಮತ್ತೆ ಗೇಲಿಕ್‌ಗೆ ಹೊರಳಿದರು. ನಾನು ಆ ಹುಡುಗನ್ನೇ ನೋಡುತ್ತಾ ನಿಂತೆ. ಆ ಸ್ಟಾರ್ನವೇಯಲ್ಲೇ ಹುಟ್ಟಿದವನು ಕಾಲಿನ್ ಮೆಕೆಂಜಿ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನೆಲ್ಲ ಅಳೆಸಿದವನು, ನಮ್ಮ ಶಾಸನಗಳನ್ನು ನಕಲು ಮಾಡಿಸಿದವನು, ಊರೂರಿನ ಕೈಫಿಯತ್ತುಗಳನ್ನು ಬರೆಸಿ ಇಟ್ಟವನು. ನಮ್ಮ ಹಳ್ಳಿಯವರ ಬಾಯಿಮಾತನ್ನು ಕೂಡಿಡಲು ಅಷ್ಟು ಕಷ್ಟಪಟ್ಟವನ ಊರಲ್ಲಿ ಅಜ್ಜಿಯ ಮಾತು ಮೊಮ್ಮಗನಿಗೆ ದಾಟುತ್ತಿಲ್ಲ.

1891ರ ಜನಗಣತಿಯಲ್ಲಿ ಗೇಲಿಕ್ ಮಾತಾಡುವವರು ಎರಡೂವರೆ ಲಕ್ಷಕ್ಕೂ ಹೆಚ್ಚಿದ್ದರು. 2011ರಲ್ಲಿ 57 ಸಾವಿರ. 2022ರಲ್ಲಿ ಮತ್ತೆ 70 ಸಾವಿರದ ಹತ್ತಿರ ಬಂತು ಅಂತ ಪತ್ರಿಕೆಗಳು ಸಂತೋಷಪಟ್ಟವು. ನನಗೂ ಸಂತೋಷವೇ. 1985ರಲ್ಲಿ ಶುರುವಾದ ಗೇಲಿಕ್ ಮಾಧ್ಯಮದ ಶಾಲೆಗಳು ದೊಡ್ಡ ಕೆಲಸ ಮಾಡಿವೆ. ಆದರೆ ಭಾಷೆಯ ತವರಾದ ಆ ಪಶ್ಚಿಮ ದ್ವೀಪಗಳಲ್ಲೇ ಅದನ್ನು ಆಡುವವರು ಈಗ ಅರ್ಧಕ್ಕಿಂತ ಕಡಿಮೆ. ಎಳೆಯರಿಗೆ ಅಲ್ಲಿ ಕೆಲಸ ಇಲ್ಲ, ಕೈಗೆಟುಕುವ ಮನೆ ಇಲ್ಲ. ನನ್ನ ಪ್ರಕಾರ ಗೇಲಿಕ್ ಉಳಿಸಬೇಕಾದರೆ ಮೊದಲು ಆ ಹುಡುಗ ದೊಡ್ಡವನಾಗಿ ಸ್ಟಾರ್ನವೇಯಲ್ಲೇ ಮನೆ ಮಾಡುವ ಹಾಗಾಗಬೇಕು.

ಸ್ಕಾಟ್ಸ್ ಮಾತಾಡುತ್ತೇವೆ ಅಂದವರು 2022ರಲ್ಲಿ 15 ಲಕ್ಷ ಜನ. 2025ರಲ್ಲಿ, 1999ರಿಂದ ಮತ್ತೆ ಇಲ್ಲೇ ಸೇರುತ್ತಿರುವ ಸ್ಕಾಟ್ಲೆಂಡಿನ ಸಂಸತ್ತು ಗೇಲಿಕ್ ಮತ್ತು ಸ್ಕಾಟ್ಸ್ ಎರಡಕ್ಕೂ ಅಧಿಕೃತ ಸ್ಥಾನ ಕೊಟ್ಟಿತು. ಇದನ್ನು ಅಜ್ಜಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಟೀಚರ್‌ಗೆ ಯಾರು ಹೇಳ್ತಾರೆ?” ಅಂದರು.

ನಮ್ಮ ಸ್ನೇಹಿತರು ‘ಇವರ ಥರ’ ಅಂದರಲ್ಲ, ಇವರು ನಮ್ಮನ್ನು ಹೇಗೆ ಸೇರಿಸಿಕೊಂಡರು ಅನ್ನುವುದನ್ನೂ ಹೇಳಬೇಕು. ಇಲ್ಲಿ ಮೊದಲೆಲ್ಲ ಕ್ರಿಸ್‌ಮಸ್‌ಗಿಂತ ಹಾಗ್ಮನೇ ದೊಡ್ಡದಾಗಿತ್ತು, ಅಂದರೆ ಡಿಸೆಂಬರ್ 31ರ ರಾತ್ರಿ. ಚರ್ಚಿನ ಹಿರಿಯರಿಗೆ ಕ್ರಿಸ್‌ಮಸ್ ಹಬ್ಬ ಸರಿ ಕಾಣುತ್ತಿರಲಿಲ್ಲ. 1640ರಲ್ಲಿ ಅದರ ರಜೆಯನ್ನೇ ತೆಗೆಸಿದರು. ಮತ್ತೆ ಅದು ಸಾರ್ವಜನಿಕ ರಜೆ ಆದದ್ದು 1958ರಲ್ಲಿ. ಅಜ್ಜಿಯ ಅಪ್ಪ ಕ್ರಿಸ್‌ಮಸ್ ದಿನ ಮಾಮೂಲಿನಂತೆ ಹೊಲಕ್ಕೆ ಹೋಗುತ್ತಿದ್ದರಂತೆ. ಹಾಗ್ಮನೇಗೆ ಮಾತ್ರ ಮನೆಯೆಲ್ಲ ಗುಡಿಸಿ, ಒಲೆಯ ಬೂದಿ ತೆಗೆದು, ಸಾಲ ತೀರಿಸಿ, ಹನ್ನೆರಡು ಗಂಟೆಗೆ ಕಾಯುವುದು. ಹನ್ನೆರಡು ಹೊಡೆದ ಮೇಲೆ ಹೊಸ್ತಿಲು ದಾಟುವ ಮೊದಲ ಕಾಲು ಕಪ್ಪು ಕೂದಲಿನ ಗಂಡಸಿನದಾದರೆ ವರ್ಷವೆಲ್ಲ ಶುಭ. ಕೈಯಲ್ಲಿ ಕಲ್ಲಿದ್ದಲು ಇರಬೇಕು, ತಿನ್ನಲು ಕುಡಿಯಲು ಏನಾದರೂ ಇರಬೇಕು.

ನಾವು ಬಂದ ವರ್ಷ ಡಿಸೆಂಬರ್‌ನಲ್ಲಿ ಅಜ್ಜಿ ನಮ್ಮ ಬಾಗಿಲು ತಟ್ಟಿ, ಈ ಸಲ ನೀನು ಬರಬೇಕು ಅಂದರು. ಯಜಮಾನರು ತೀರಿಹೋದ ಮೇಲೆ ಅವರ ಮನೆಗೆ ಮೊದಲ ಕಾಲಿಡುವವರು ಇರಲಿಲ್ಲ. ಕಲ್ಲಿದ್ದಲಿನ ತುಂಡನ್ನೂ ಅವರೇ ಕೊಟ್ಟರು, ಪೇಪರಿನಲ್ಲಿ ಸುತ್ತಿ. ರಾತ್ರಿ ಬಾಗಿಲು ತೆಗೆದವರು “ಕಮ್ ಅವಾ ಬೆನ್, ಲೂನ್” ಅಂದರು. ಬೆನ್ ಅಂದರೆ ಒಳಮನೆ. ಒಳಗೆ ಬಾ ಮಗ ಅಂತ. ಆಮೇಲೆ “ಲ್ಯಾಂಗ್ ಮೇ ಯರ್ ಲಮ್ ರೀಕ್” ಅಂದರು, ನಿಮ್ಮ ಮನೆಯ ಹೊಗೆಗೂಡಿನಿಂದ ಬಹುಕಾಲ ಹೊಗೆ ಏಳುತ್ತಿರಲಿ. ಒಲೆ ಆರದಿರಲಿ ಅನ್ನುವ ಹಾರೈಕೆ. ಅವರ ಮನೆಯಲ್ಲಿ ಈಗ ಒಲೆ ಇಲ್ಲ, ಗ್ಯಾಸಿನ ಹೀಟರ್. ನಾನು ತಂದ ಕಲ್ಲಿದ್ದಲುಗಳನ್ನೆಲ್ಲ ಒಂದು ಬಿಸ್ಕತ್ ಡಬ್ಬದಲ್ಲಿ ಎತ್ತಿಟ್ಟಿದ್ದಾರೆ. ಈಗ ಒಂಬತ್ತು ಆಗಿವೆ.

ಅವತ್ತಿನಿಂದ ಅವರು ನನ್ನ ಜೊತೆ ಇಂಗ್ಲಿಷಿಗೆ ಹೊರಳಿಲ್ಲ. ನನ್ನ ಮಗಳು ಡೋರಿಕ್ ಕಲಿತದ್ದು ಆ ಮನೆಯಲ್ಲಿ. ಅದನ್ನು ನಾನು ತಿದ್ದುವುದಿಲ್ಲ. ಕನ್ನಡ, ಇಂಗ್ಲಿಷ್, ಡೋರಿಕ್ ಮೂರಕ್ಕೂ ಅವಳ ಬಾಯಲ್ಲಿ ಜಾಗ ಇದೆ.

ಜನವರಿ 25 ಬರ್ನ್ಸ್ ಹುಟ್ಟಿದ ದಿನ. ಪದ್ಯ ಚೆನ್ನಾಗಿ ಹೇಳಿದ ಮಕ್ಕಳಿಗೆ ಶಾಲೆಯಲ್ಲಿ ಬಹುಮಾನ ಇದೆ. ನಿನ್ನೆ ಸಂಜೆ ಮಗಳನ್ನು ಕರೆಯಲು ಹೋದಾಗ ಅಜ್ಜಿಯ ಅಡುಗೆಮನೆಯಲ್ಲಿ ಪಾಠ ನಡೆಯುತ್ತಿತ್ತು. ಮಗಳು ಕುರ್ಚಿಯ ಮೇಲೆ ನಿಂತಿದ್ದಳು. ಪದ್ಯದ ಹೆಸರು ಹೇಳುವಾಗ ಇಲಿಗೆ ‘ಮೌಸ್’ ಅಂದಳು. ಅಜ್ಜಿ ಅಂಗೈ ಎತ್ತಿ ನಿಲ್ಲಿಸಿದರು.

“ಮೌಸ್ ಅಲ್ಲ ಮಗಳೇ. ಮೂಸ್. ಇನ್ನೊಂದು ಸಲ ಹೇಳು.”