ಜವರಾಯಿ ಅಂದ್ರೆ ನಗು, ದಗಡೂಶೇಠ್‌ಗೆ ಕೈಮುಗಿ

ಪುಣೆಯ ಕನ್ನಡಿಗರ ಮನೆಯಲ್ಲಿ ಮಗುವಿಗೆ ಹೆಸರು ಹುಡುಕುವಾಗ ಹಾಸನದ ಮುತ್ತಜ್ಜನ ಹೆಸರು ಎತ್ತಿದರೆ ಸಾಕು, ನಗು. ಜವರೇಗೌಡ, ತಿಪ್ಪಯ್ಯ, ಕಲ್ಲೇಗೌಡ! 'ಅಯ್ಯೋ, ಸ್ಕೂಲಲ್ಲಿ ಆಡ್ಕೊಂಡು ನಗ್ತಾರೆ ಕಣ್ರೀ.' ನಕ್ಕವರೇ ದಗಡೂಶೇಠ್ ಗಣಪತಿಗೆ ಸಾಲು ನಿಲ್ಲುತ್ತಾರೆ. ಮರಾಠಿಯಲ್ಲಿ ದಗಡ್ ಎಂದರೆ ಕಲ್ಲು. ದಗಡೂಶೇಠ್ ಎಂಬುದು ಮಿಠಾಯಿ ಮಾರುತ್ತಿದ್ದವರೊಬ್ಬರ ಹೆಸರು. ಧೋಂಡ ಎಂದರೂ ಕಲ್ಲೇ. 1958ರಲ್ಲಿ ಭಾರತರತ್ನ ಪಡೆದ ಧೋಂಡೋ ಕೇಶವ ಕರ್ವೆಯವರ ಹೆಸರಿಗೆ ಅಲ್ಲಿ ಯಾರೂ ನಾಚುವುದಿಲ್ಲ.

ಎರಡೂ ಕಡೆ ಲೆಕ್ಕ ಒಂದೇ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಸಾವಿನ ಕಣ್ಣು ತಪ್ಪಿಸಲು ಯಾರಿಗೂ ಬೇಡದ್ದರ ಹೆಸರು: ಕಲ್ಲು, ಗುಂಡು, ತಿಪ್ಪೆ. (ಕಲ್ಲೇಶ್ವರನ ಹರಕೆಯಿಂದ ಬಂದ ಕಲ್ಲೇಗೌಡರೂ ಉಂಟು.) ಜವರಾಯನದು ಇನ್ನೂ ಗಟ್ಟಿ ಉಪಾಯ. 'ಜವ' ಎಂಬುದು ಯಮನ ತದ್ಭವ. ತನ್ನ ಹೆಸರಿನವನನ್ನು ತಾನೇ ಹೇಗೆ ಒಯ್ದಾನು? ಹಾಗೆಂದು ಎಲ್ಲವನ್ನೂ ಹೊಗಳಲಾರೆ. ಹೆಣ್ಣು ಇನ್ನು ಸಾಕು ಎಂದು ಇಟ್ಟ ಸಾಕಮ್ಮ, 'ಬೇಡವಾದವಳು' ಎಂಬರ್ಥದ ಮರಾಠಿಯ ನಕುಶಿಗೆ ಒಡಹುಟ್ಟಿದವಳು. ಸಾತಾರಾ ಜಿಲ್ಲೆಯಲ್ಲಿ 2011ರಲ್ಲಿ ನೂರಾರು ನಕುಶಿಯರಿಗೆ ಹೊಸ ಹೆಸರಿಟ್ಟರು. ಸರಿಯಾಗಿಯೇ ಮಾಡಿದರು.

ಕಿವಿಗೆ ಮಾತ್ರ ಹಳೆಯದೇ ಇಂಪು. ನಮ್ಮ ಹೆಸರು ಸ್ವರದಲ್ಲಿ ಮುಗಿಯುತ್ತದೆ. ಬೇಲೂರಿನ ಕಾಫಿ ತೋಟದ ಈ ತುದಿಯಿಂದ 'ಚೆನ್ನಾ...' ಎಂದು ಎಳೆದು ಕೂಗಬಹುದು. ವಿಭಕ್ತಿಯೂ ಸಲೀಸು: ಚೆನ್ನನ, ಚೆನ್ನನಿಗೆ. 'ಅಯಾಂಶ್'ಗೆ ಪ್ರತ್ಯಯ ಹಚ್ಚಿ ನೋಡಿ, ನಾಲಿಗೆ ತೊಡರುತ್ತದೆ. ಅಜ್ಜಿ ಎರಡೇ ದಿನದಲ್ಲಿ 'ಅಯಾಂಸು' ಮಾಡಿಬಿಡುತ್ತಾರೆ. ಮರಾಠಿ ಬಾಯಿ ಇದಕ್ಕೆ ತಿರುಗುಮುರುಗು: ಕೊನೆಯ ಅಕಾರ ನುಂಗಿ 'ಚೆನ್ನಕೇಶವ್' ಅನ್ನುತ್ತದೆ.

ಕಾಗದದಲ್ಲಿ ಎಡವುವುದು ಬೇರೆ ಕಡೆ. 'ತ' ಬರೆಯಲು ನಾವು ಇಂಗ್ಲಿಷಿನ ಟಿ, ಎಚ್ ಎರಡನ್ನೂ ಹಾಕುತ್ತೇವೆ. ಅಲ್ಲಿ ಟಿ ಒಂದೇ ಸಾಕು, ಎಚ್ ಸೇರಿದರೆ 'ಥ'. ಹೀಗೆ ತಿಮ್ಮಪ್ಪ ಥಿಮ್ಮಪ್ಪನಾಗುತ್ತಾನೆ. ಅವರ ಕ್ರಮ ಹೆಸರು, ತಂದೆ, ಅಡ್ಡಹೆಸರು. ನಮ್ಮ 'ಎಚ್.ಟಿ.'ಯಲ್ಲಿ ಎಚ್ ಊರು, ಟಿ ತಂದೆ. ಅಡ್ಡಹೆಸರಿನ ಖಾನೆಗೆ ತುಂಬಲು ಏನೂ ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಬರೀ ಇನಿಷಿಯಲ್ ನಡೆಯದು, ಆದ್ದರಿಂದ ಜನನ ಪ್ರಮಾಣಪತ್ರದಲ್ಲೇ ಬಿಡಿಸಿ ಬರೆಸಿ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಹೆಸರಿಗೆ ಅಷ್ಟು ಅವಸರವಿಲ್ಲ. ನೋಂದಣಿಯಾದ 12 ತಿಂಗಳವರೆಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ ಸೇರಿಸಬಹುದು. ಅಷ್ಟರೊಳಗೆ ಹಾಸನದ ಅಜ್ಜಿಯ ಬಾಯಲ್ಲೊಮ್ಮೆ, ಪುಣೆಯ ನೆರೆಮನೆಯವರ ಬಾಯಲ್ಲೊಮ್ಮೆ ಆ ಹೆಸರನ್ನು ಕೂಗಿಸಿ ಕೇಳಿ.