ಡಿಗ್ರಿ ಸೆಲ್ಸಿಯಸ್ ಚಿಹ್ನೆ: ಆ ಸಂದೇಶ ಹೇಳುವುದು ಸರಿಯಲ್ಲ

ಡಿಗ್ರಿ ಸೆಲ್ಸಿಯಸ್‌ಗೆ ಯೂನಿಕೋಡ್‌ನಲ್ಲಿ (ಕಂಪ್ಯೂಟರ್‌ಗಳಲ್ಲಿ ಪ್ರತಿ ಅಕ್ಷರಕ್ಕೂ ಒಂದು ಕೋಡ್ ಕೊಡುವ ಪದ್ಧತಿ) ಒಂದೇ ಅಕ್ಷರದ ಚಿಹ್ನೆ ಇದೆ, ಅದೇ ಸರಿ, ಡಿಗ್ರಿ ಗುರುತು ಹಾಕಿ ಪಕ್ಕದಲ್ಲಿ ಸಿ ಟೈಪ್ ಮಾಡುವುದು ತಪ್ಪು ಅಂತ ಒಂದು ಸಂದೇಶ ಓಡಾಡುತ್ತಿದೆ. ನಿಜ ಇದಕ್ಕೆ ಉಲ್ಟಾ. ಆ ಚಿಹ್ನೆ ಇದೆ, ಅದರ ಕೋಡ್ 2103. ಆದರೆ ಅದನ್ನು ಉಳಿಸಿಕೊಂಡಿರುವುದು ಪೂರ್ವ ಏಷ್ಯಾದ ಹಳೆಯ ಕೋಡ್‌ಗಳ ಜೊತೆ ಹೊಂದಿಕೆ ಇರಲಿ ಅಂತ. ಡಿಗ್ರಿ, ಸಿ ಎರಡನ್ನೂ ಬೇರೆ ಬೇರೆಯಾಗಿ ಟೈಪ್ ಮಾಡುವುದೇ ಒಳ್ಳೆಯದು ಅಂತ ಯೂನಿಕೋಡ್‌ನವರೇ ಹೇಳಿದ್ದಾರೆ.

ವಿಂಡೋಸ್‌ನಲ್ಲಿ ಆಲ್ಟ್ ಒತ್ತಿ ಹಿಡಿದು, ಬಲಗಡೆಯ ನಂಬರ್ ಕೀಗಳಲ್ಲಿ 0176 ಒತ್ತಿದರೆ ° ಬರುತ್ತದೆ. ಸೊನ್ನೆಯನ್ನು ಚಿಕ್ಕದಾಗಿ ಮೇಲಕ್ಕೆ ಏರಿಸಿ ಡಿಗ್ರಿ ಮಾಡಬೇಡಿ. ಸುಮ್ನೆ ಕಾಪಿ ಮಾಡಿ ಬೇರೆ ಕಡೆ ಹಾಕಿದಾಗ 25° ಇದ್ದದ್ದು 250 ಆಗಿಬಿಡಬಹುದು, ಔಷಧಿ ಇಡುವ ಸೂಚನೆಯಲ್ಲಿ ಹೀಗಾದರೆ ಅಪಾಯ ಅಲ್ವಾ?

ಅಂಕಿಯ ಪಕ್ಕ ಜಾಗ ಬಿಡಬಾರದು ಅಂತಲೂ ಆ ಸಂದೇಶದಲ್ಲಿದೆ. ಎಸ್‌ಐ (ಅಳತೆಗಳ ಅಂತರರಾಷ್ಟ್ರೀಯ ಪದ್ಧತಿ) ಕೈಪಿಡಿ ಪ್ರಕಾರ 25 ಆದಮೇಲೆ ಜಾಗ ಬೇಕು, ಆಮೇಲೆ ಡಿಗ್ರಿ, ಅದಕ್ಕೆ ಅಂಟಿಕೊಂಡೇ ಸಿ. ಜಾಗ ಬೇಡದ್ದು ಕೋನದ ಡಿಗ್ರಿ, ಮಿನಿಟ್, ಸೆಕೆಂಡುಗಳಿಗೆ ಮಾತ್ರ. ವರ್ಡ್‌ನಲ್ಲಾದರೆ ಈ ಜಾಗಕ್ಕೆ ಕಂಟ್ರೋಲ್, ಶಿಫ್ಟ್, ಸ್ಪೇಸ್ ಒಟ್ಟಿಗೆ ಒತ್ತಿ. ಇಲ್ಲದಿದ್ದರೆ 25 ಸಾಲಿನ ಕೊನೆಯಲ್ಲೇ ಉಳಿದು ಚಿಹ್ನೆ ಮಾತ್ರ ಕೆಳಗಿನ ಸಾಲಿಗೆ ಜಾರಬಹುದು.